ಗಾಡಿ ಗಟ್ಟಿ ಐತೇನ್ರಿ, ಮಿಸ್ತ್ರಿ?

ಯಾವುದೋ ಹೊಸ ಚಿತ್ರದ ಟ್ರೈಲರಿನಲ್ಲಿ ಹೀರೋ ಕಾರು ಹಾರಿಸಿದನೆಂದರೆ ಸಾಕು, ಈ ಅಂಕಣಕ್ಕೆ ಪತ್ರಗಳ ಸುರಿಮಳೆ! ಈ ವಾರವೂ ಹಾಗೇ ಆಗಿದೆ. ರಾಣೇಬೆನ್ನೂರಿನ ತಮ್ಮನೊಬ್ಬ ಬರೆದದ್ದನ್ನು ಇದ್ದ ಹಾಗೇ ಕೊಡುತ್ತೇನೆ: "ಮಿಸ್ತ್ರಿ ಕಾಕಾ, ನನ್ನ ಹಂತೇಕ ಎರಡೂವರಿ ಲಕ್ಷ ಐತಿ. ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು. ಗಾಡಿ ಗಟ್ಟಿ ಇರಬೇಕು, ನಡು ದಾರ್‍ಯಾಗ ಕೈ ಕೊಡಬಾರದು, ನೋಡಾಕ ಹೀರೋನ ಗಾಡಿ ಹಂಗ ಇರಬೇಕು. ಯಾವ್ದು ತಗೊಳ್ಳಿ ಹೇಳ್ರಿ."

ಮೂರು ಬೇಡಿಕೆ. ಮೂರೂ ನ್ಯಾಯವಾದವೇ. ಪಿ.ಬಿ. ರಸ್ತೆಯ ಬದಿಯಲ್ಲಿ ಪಾನಾ ಹಿಡಿದು ನಾಲ್ಕು ದಶಕ ಕಳೆದವನು ನಾನು. ಈ ಮೂರು ಪ್ರಶ್ನೆ ಕೇಳದ ಗಿರಾಕಿಯೇ ಇಲ್ಲ. ಆದರೆ ನಾಲ್ಕನೆಯದೊಂದಿದೆ ನೋಡಿ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ: "ಗುದ್ದಿದರ ನಾ ಉಳೀತೀನೇನ್ರಿ?" ಶುಭ ಕೆಲಸಕ್ಕೆ ಹೊರಟಾಗ ಅಂಥ ಮಾತು ಆಡಬಾರದೆಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಗಾಡಿಗೆ ಯಾಲಕ್ಕಿ ಹಾರ ಹಾಕಿ, ಗಾಲಿಗೆ ಲಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು ಹೊರಟುಬಿಡುತ್ತಾರೆ. ಇರಲಿ, ಪೂಜೆ ಬೇಡವೆನ್ನುವವನು ನಾನಲ್ಲ. ಕಾಯಿ ಒಡೆದ ಮೇಲೆ ಕೂತು ಬೆಲ್ಟ್ ಹಾಕಿಕೊಳ್ಳಿ ಅನ್ನುವವನು, ಅಷ್ಟೇ.

ಮೊದಲು ಈ 'ಗಟ್ಟಿ' ಅನ್ನುವ ಮಾತನ್ನು ಬಿಚ್ಚಿ ನೋಡೋಣ, ಹಳೇ ಕಾರ್ಬೊರೇಟರ್ ಬಿಚ್ಚಿದ ಹಾಗೆ.

ನಮ್ಮ ಭಾಗದಲ್ಲಿ ಗಟ್ಟಿ ಅಂದರೆ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಐವತ್ತರ ದಶಕದ ಕೊನೆಗೆ ಶುರುವಾದ ಗಾಡಿ, ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ 2014ರ ಮೇ ತಿಂಗಳವರೆಗೂ ಹೊರಬರುತ್ತಲೇ ಇತ್ತು. ಅದರ ಪಕ್ಕದಲ್ಲಿ ಫಿಯೆಟ್. 1974ರಿಂದ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರು. ಆಗಿನ ಸಿನಿಮಾ ನೆನಪಿಸಿಕೊಳ್ಳಿ. ಸಾಹುಕಾರನ ಮಗಳು ಬರುವುದು ಓಪನ್ ಕಾರಿನಲ್ಲಿ, ವಿಲನ್ ಇಳಿಯುವುದು ಉದ್ದನೆಯ ವಿದೇಶಿ ಗಾಡಿಯಿಂದ, ಪೊಲೀಸರು ಯಥಾಪ್ರಕಾರ ಎಲ್ಲ ಮುಗಿದ ಮೇಲೆ ಜೀಪಿನಲ್ಲಿ! ನಮ್ಮ ಊರ ಮದುವೆ ದಿಬ್ಬಣಕ್ಕೆ, ಹೆರಿಗೆ ಆಸ್ಪತ್ರೆಗೆ, ಚುನಾವಣೆ ಪ್ರಚಾರಕ್ಕೆ ಮಾತ್ರ ಅದೇ ಅಂಬಾಸಡರ್. ಐದು ಜನರ ಗಾಡಿಯಲ್ಲಿ ಹನ್ನೊಂದು ಜನ.

ಹಳಬರು ಈಗಲೂ ನನ್ನ ಗ್ಯಾರೇಜಿನ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಾ ಹೇಳುತ್ತಾರೆ: "ಅದು ಗಾಡಿ ಅಂದ್ರ ಗಾಡಿ! ಎಮ್ಮಿಗೆ ಗುದ್ದಿದ್ರೂ ಬಂಪರ್ ಡೊಂಕ ಆಗ್ತಿದ್ದಿಲ್ಲ." ಬಂಪರ್ ಡೊಂಕಾಗುತ್ತಿರಲಿಲ್ಲ, ನಿಜ. ಆದರೆ ಆ ಗಾಡಿ ಕೈ ಕೊಡುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೇಸಿಗೆಯಲ್ಲಿ ರೇಡಿಯೇಟರ್ ಕುದಿಯುತ್ತಿತ್ತು, ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ನಿಲ್ಲುತ್ತಿತ್ತು, ಕಿಂಗ್ ಪಿನ್ ಸವೆದು ಸ್ಟೇರಿಂಗ್ ಕುಣಿಯುತ್ತಿತ್ತು. ಅದರ ದೊಡ್ಡ ಗುಣವೆಂದರೆ, ನಿಂತಲ್ಲೇ ರಿಪೇರಿ ಆಗುತ್ತಿತ್ತು. ಬ್ಯಾಡಗಿಯ ಲೇಥ್ ಅಂಗಡಿಯಲ್ಲೇ ಅರ್ಧ ಸಾಮಾನು ಮಾಡಿಸಬಹುದಿತ್ತು. ರಿಪೇರಿಯಾಗುವ ಗಾಡಿ ಬೇರೆ, ಕೈ ಕೊಡದ ಗಾಡಿ ಬೇರೆ. ನಮ್ಮ ಹಿರಿಯರು ಎರಡನ್ನೂ ಕಲಸಿ ಒಂದೇ ಹೆಸರಿಟ್ಟುಬಿಟ್ಟರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಇವರೇ ನಕ್ಕವರು. "ಇದೇನೋ ಬಿಸ್ಕೀಟ್ ಡಬ್ಬಿ!" 796 ಸಿ.ಸಿ. ಇಂಜಿನ್ನಿನ ಆ ಡಬ್ಬಿ ಬೆಳಿಗ್ಗೆ ಒಂದೇ ಕೀಲಿಗೆ ಚಾಲೂ ಆಗುತ್ತಿತ್ತು. ವರ್ಷಕ್ಕೆ ಎರಡು ಸಲ ಮಾತ್ರ ನನ್ನ ಹತ್ತಿರ ಬರುತ್ತಿತ್ತು. ಮೆಕ್ಯಾನಿಕ್‌ಗಳ ಹೊಟ್ಟೆ ಮೇಲೆ ಹೊಡೆದ ಮೊದಲ ಗಾಡಿ ಅದು, ಆದರೂ ಹೇಳುತ್ತೇನೆ, ಭೇಷ್!

ಈಗ ನಾಲ್ಕನೆಯ ಪ್ರಶ್ನೆ. ಬಂಪರ್ ಡೊಂಕಾಗದ ಗಾಡಿಯೊಳಗೆ ಕೂತವನ ಗತಿ ಏನು?

ಬ್ಯಾಡಗಿಯವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅಟ್ಟದ ಮೇಲಿಂದ ಒಬ್ಬ ಜಾರಿ ಕಡಪಾ ಕಲ್ಲಿನ ನೆಲಕ್ಕೆ ಬಿದ್ದ ಅನ್ನಿ. ಇನ್ನೊಬ್ಬ ಅದೇ ಅಟ್ಟದಿಂದ ಮೆಣಸಿನಕಾಯಿ ಚೀಲದ ಒಟ್ಟಿಲಿನ ಮೇಲೆ ಬಿದ್ದ ಅನ್ನಿ. ಬಿದ್ದ ಎತ್ತರ ಒಂದೇ. ಮೊದಲನೆಯವನ ಸೊಂಟ ಮುರಿಯಿತು, ಎರಡನೆಯವನು ಸೀನುತ್ತಾ ಎದ್ದ. ಯಾಕೆ? ಚೀಲ ಕುಸಿಯಿತು, ಅವನನ್ನು ಸಾವಕಾಶವಾಗಿ ನಿಲ್ಲಿಸಿತು. ಇಂದಿನ ಕಾರಿನ ಮೂತಿಯನ್ನು ಮಾಡಿರುವುದೇ ಹಾಗೆ, ಗುದ್ದಿದಾಗ ಅದು ಮಡಚಿಕೊಳ್ಳಬೇಕು. ಮೂತಿ ಅಪ್ಪಚ್ಚಿಯಾಗಬೇಕು, ಕೂತ ಕೋಣೆ ಮಾತ್ರ ಅಲುಗಬಾರದು. ಹಳೇ ಗಟ್ಟಿ ಗಾಡಿಯಲ್ಲಿ ಮೂತಿ ಮಡಚುತ್ತಿರಲಿಲ್ಲ. ಆ ಪೆಟ್ಟೆಲ್ಲ ಸೀದಾ ಸ್ಟೇರಿಂಗ್ ರಾಡಿನ ಮೂಲಕ ಡ್ರೈವರನ ಎದೆಗೆ. ಗಾಡಿಯನ್ನು ತಂದು ನನ್ನ ಗ್ಯಾರೇಜಿನಲ್ಲಿ ನಿಲ್ಲಿಸುತ್ತಿದ್ದರು. "ನೋಡ್ರಿ ಮಿಸ್ತ್ರಿ, ಗಾಡಿಗೆ ಏನೂ ಆಗಿಲ್ಲ" ಅನ್ನುತ್ತಿದ್ದರು. ಓಡಿಸಿದವನು ಮಾತ್ರ ಇರುತ್ತಿರಲಿಲ್ಲ.

ಹಾಗಂತ ಹೊಸದೆಲ್ಲ ಚಿನ್ನವೇ? ಅಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದಲ್ಲಿ ಮಾರುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಮಾದರಿಗಳು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್! ಅದರಲ್ಲಿ ಪೋಲೋ ಕಾರಿಗೆ ಎರಡು ಏರ್‌ಬ್ಯಾಗ್ ಇದ್ದ ಮಾದರಿ ತಂದು ಮತ್ತೆ ಗುದ್ದಿಸಿದರೆ ನಾಲ್ಕು ಸ್ಟಾರ್ ಬಂತು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ತೆಗೆದುಕೊಂಡಿತು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಗಿದೆ. ಡ್ರೈವರನ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯ, ಪಕ್ಕದ ಸೀಟಿಗೆ 2021ರ ಕೊನೆಯಿಂದ. ಎಬಿಎಸ್ ಬ್ರೇಕು 2019ರ ಏಪ್ರಿಲ್‌ನಿಂದ. ಈ ತಾರೀಖುಗಳನ್ನು ಕಿಸೆಯಲ್ಲಿ ಬರೆದಿಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗಾಡಿ ತಯಾರಾದ ತಿಂಗಳು ಕೇಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ. 2018ರ ಟಾಪ್ ಮಾಡೆಲ್‌ನಲ್ಲಿ ಎಲ್ಲಾ ಇರಬಹುದು, 2018ರ ಬೇಸ್ ಮಾಡೆಲ್‌ನಲ್ಲಿ ಏನೂ ಇಲ್ಲದಿರಬಹುದು. ಹೊರಗಿನಿಂದ ಎರಡೂ ಅವಳಿ-ಜವಳಿ. ನಮ್ಮ ಸಿನಿಮಾದ ಡಬಲ್ ರೋಲ್ ಇದ್ದಂತೆ!

ಇನ್ನು ಬೆಲ್ಟಿನ ಮಾತು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಏರ್‌ಬ್ಯಾಗ್ ಇದೆ, ಬೆಲ್ಟ್ ಯಾಕೆ ಅಂತ ಕೇಳುವ ಜಾಣರು ಬಹಳ. ಏರ್‌ಬ್ಯಾಗ್ ಅಂದರೆ ತಲೆದಿಂಬಲ್ಲ ತಮ್ಮಾ. ಕಣ್ಣು ಮಿಟುಕಿಸುವುದರೊಳಗೆ ಸ್ಫೋಟವಾಗಿ ಮುಖಕ್ಕೆ ಬರುವ ಚೀಲ ಅದು. ಬೆಲ್ಟ್ ನಿಮ್ಮನ್ನು ಹಿಂದೆ ಹಿಡಿದಿದ್ದರೆ ಅದು ಕಾಪಾಡುತ್ತದೆ. ಬೆಲ್ಟ್ ಇಲ್ಲದೆ ನೀವೇ ಅದರ ಮೇಲೆ ಎರಗಿದರೆ ಅದೇ ಕುತ್ತಿಗೆಗೆ ಕುತ್ತು. ಲೆಕ್ಕ ಹೇಳುತ್ತೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ 14 ಮೀಟರ್ ಎತ್ತರದಿಂದ ಕೆಳಗೆ ಬಿದ್ದಂತೆ. ಅಂದರೆ ನಾಲ್ಕಂತಸ್ತಿನ ಕಟ್ಟಡದ ಮಾಳಿಗೆಯಿಂದ! ನಾಲ್ಕನೇ ಅಂತಸ್ತಿನಿಂದ ಬೀಳುವಾಗ ಡ್ಯಾಶ್‌ಬೋರ್ಡಿಗೆ ಕೈ ಊರಿ ತಡೆದುಕೊಳ್ಳುತ್ತೇನೆ ಅನ್ನುವ ಪೈಲ್ವಾನ್ ಇದ್ದರೆ ಮುಂದೆ ಬರಲಿ, ಎಡಿಟರ್ ಸಾಹೇಬರಿಗೆ ಹೇಳಿ ಮುಖಪುಟದಲ್ಲಿ ಫೋಟೋ ಹಾಕಿಸುತ್ತೇನೆ.

ಹಿಂದಿನ ಸೀಟಿನವರಂತೂ ತಮಗೆ ಕಾನೂನೇ ಇಲ್ಲ ಅಂದುಕೊಂಡಿದ್ದಾರೆ. ಕಾನೂನಿದೆ, ಅವರೂ ಹಾಕಬೇಕು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡರಲ್ಲ, ಅವರು ಕೂತಿದ್ದದ್ದು ಮರ್ಸಿಡಿಸ್ ಕಾರಿನ ಹಿಂದಿನ ಸೀಟಿನಲ್ಲಿ. ಸೇತುವೆಯ ಗೋಡೆಗೆ ಗಾಡಿ ಗುದ್ದಿತು. ಮುಂದೆ ಕೂತ ಇಬ್ಬರು ಗಾಯಗೊಂಡರೂ ಉಳಿದರು, ಹಿಂದೆ ಕೂತ ಇಬ್ಬರು ಉಳಿಯಲಿಲ್ಲ. ಹಿಂದಿನವರು ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಅಂಥ ಗಾಡಿಗಿಂತ ಗಟ್ಟಿ ಗಾಡಿಯನ್ನು ನಮ್ಮ ರಾಣೇಬೆನ್ನೂರಿನ ತಮ್ಮ ಎರಡೂವರೆ ಲಕ್ಷದಲ್ಲಿ ಎಲ್ಲಿಂದ ತರುತ್ತಾನೆ?

ಬೆಲ್ಟ್ ಹಾಕದಿದ್ದರೆ ಪೀಂ ಪೀಂ ಅನ್ನುತ್ತದೆಂದು ಒಂದು ಕ್ಲಿಪ್ಪು ತಂದು ಸಿಕ್ಕಿಸುತ್ತಾರೆ. ಬರೀ ಕೊಕ್ಕೆ, ಬೆಲ್ಟ್ ಇಲ್ಲ! 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಅಂಗಡಿಗಳಿಗೆ ಆ ಕ್ಲಿಪ್ ಮಾರಾಟ ನಿಲ್ಲಿಸಿ ಎಂದು ಆದೇಶ ಮಾಡಿತು. ಅದಾದ ಮೇಲೂ ನನ್ನ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಕಾಣುತ್ತೇನೆ. ಕಿತ್ತು ಡಬ್ಬಿಗೆ ಹಾಕುತ್ತೇನೆ. ಮಾಲೀಕರು ಜಗಳ ಕಾಯುತ್ತಾರೆ. ಕಾಯಲಿ. ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಕಟ್ಟಿಸುವವರೂ ಹೀಗೇ. 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ಕೂಡದು ಅಂದಿದೆ. ಮಡಚಬೇಕಾದ ಮೂತಿಗೆ ಕಬ್ಬಿಣ ಕಟ್ಟಿದರೆ ಅಂಬಾಸಡರ್ ಕಾಲಕ್ಕೇ ಹೋದಂತಾಯಿತು. ಏರ್‌ಬ್ಯಾಗಿನ ಸೆನ್ಸರ್‌ಗೂ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಲಿಕ್ಕಿಲ್ಲ.

ಹೀರೋ ಬೆಲ್ಟ್ ಹಾಕುವುದಿಲ್ಲವಲ್ಲ ಕಾಕಾ, ಅಂತೀರಿ. ಹೌದು, ಪರದೆ ಮೇಲೆ ಹಾಕುವುದಿಲ್ಲ. ಗಾಡಿ ಹಾರಿಸುವ ಶಾಟ್‌ನಲ್ಲಿ ಒಳಗಿರುವವನು ಹೀರೋ ಅಲ್ಲ, ಸ್ಟಂಟ್‌ಮನ್. ಸರಿಯಾಗಿ ತಯಾರಿ ಮಾಡಿದ ಸ್ಟಂಟ್ ಕಾರಿನೊಳಗೆ ಕಬ್ಬಿಣದ ಕೊಳವೆಯ ಪಂಜರ ಇರುತ್ತದೆ, ಭುಜಕ್ಕೆ ಎರಡು, ಸೊಂಟಕ್ಕೆ ಒಂದು ಪಟ್ಟಿ ಬಿಗಿದಿರುತ್ತಾರೆ, ಟ್ಯಾಂಕಿನಲ್ಲಿ ಪೆಟ್ರೋಲು ಒಂದು ಗುಟುಕು. ಹಾರಿ ಬಿದ್ದ ಗಾಡಿ ಗುಜರಿಗೆ. ಮುಂದಿನ ಶಾಟ್‌ನಲ್ಲಿ ಹೀರೋ ಇಳಿಯುವುದು ಬೇರೆ ಗಾಡಿಯಿಂದ, ಅದೇ ಬಣ್ಣ, ಅದೇ ನಂಬರ್! ಅದನ್ನು ನೋಡಿ ನೀವು ತುಂಗಭದ್ರಾ ಸೇತುವೆ ಹತ್ತಿರ ಸ್ಪೀಡ್ ಬ್ರೇಕರ್ ಹಾರಿಸಿದರೆ ಗುಜರಿಗೆ ಹೋಗುವುದು ನಿಮ್ಮಪ್ಪನ ಗಾಡಿ.

ಒಂದು ಮಾತು. ನಮ್ಮ ಈ ರಸ್ತೆ, ಮೊದಲು ನಾಲ್ಕನೇ ನಂಬರಿನ ಹೆದ್ದಾರಿ, ಈಗ 48, ಸಿನಿಮಾದವರಿಗೆ ಎಂಥ ರಸ್ತೆ ಅಂತ ಗೊತ್ತಲ್ಲ? 1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರದ ಆನಗೋಡು. ನಮ್ಮ ಶಂಕರ್‌ನಾಗ್. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆಂದು ಲೋಕಾಪುರಕ್ಕೆ ಹೊರಟಿದ್ದರು. ವಯಸ್ಸು ಇನ್ನೂ 35. ಆನಗೋಡಿನಿಂದ ರಾಣೇಬೆನ್ನೂರಿಗೆ ಒಂದು ತಾಸಿನ ಹಾದಿ. ನಾಲ್ಕು ವರ್ಷ ಕಳೆಯುವುದರೊಳಗೆ, 1994ರ ಜುಲೈನಲ್ಲಿ, ಇದೇ ರಸ್ತೆಯಲ್ಲಿ ಚಿತ್ರದುರ್ಗದ ಬಳಿ ಸುನಿಲ್. 'ಶೃತಿ', 'ಬೆಳ್ಳಿ ಕಾಲುಂಗುರ'ದ ಸುನಿಲ್. ಜೊತೆಗಿದ್ದ ಮಾಲಾಶ್ರೀ ಗಾಯಗೊಂಡು ಉಳಿದರು. ಆಗ ಈ ರಸ್ತೆಗೆ ನಡುವೆ ಡಿವೈಡರ್ ಇರಲಿಲ್ಲ. ಹೋಗುವ ಲಾರಿ, ಬರುವ ಬಸ್ಸು ಒಂದೇ ಡಾಂಬರು ಹಂಚಿಕೊಳ್ಳಬೇಕಿತ್ತು. ಕಾರು ಕಂಪನಿಗಳು ಮುಂದಿನ ಸೀಟಿಗೆ ಬೆಲ್ಟ್ ಕೊಡಲೇಬೇಕೆಂಬ ನಿಯಮವೂ ಜಾರಿಗೆ ಬಂದದ್ದು 1994ರಲ್ಲಿ. 'ಆಟೋ ರಾಜ' ಬಂದು ನಾಲ್ಕು ದಶಕವಾದರೂ ನಮ್ಮ ಆಟೋಗಳ ಮೇಲೆ ಶಂಕರಣ್ಣನ ಫೋಟೋ ಹೋಗಿಲ್ಲ. ಆ ಮನುಷ್ಯ ಇನ್ನೂ ಮೂವತ್ತು ವರ್ಷ ಇದ್ದಿದ್ದರೆ ಏನೇನು ಮಾಡುತ್ತಿದ್ದನೋ ಎಂದು ಅಭಿಮಾನಿಗಳು ನಿಟ್ಟುಸಿರು ಬಿಡುತ್ತಾರೆ. ನಾನೂ ಬಿಡುತ್ತೇನೆ. ಬಿಟ್ಟು, ಅಂಥವನ ಫೋಟೋ ಅಂಟಿಸಿದ ಗಾಡಿಯ ಬ್ರೇಕ್ ಲೈಟು ಯಾಕೆ ಉರಿಯುತ್ತಿಲ್ಲ ಅಂತ ಕೇಳುತ್ತೇನೆ.

ಈಗ ರಸ್ತೆ ಅಗಲವಾಗಿದೆ, ನಡುವೆ ಡಿವೈಡರ್ ಬಂದಿದೆ. ಎದುರಿನಿಂದ ಬರುವ ಲಾರಿಯ ಭಯ ಕಡಿಮೆಯಾಯಿತು, ನಿಂತ ಲಾರಿಯ ಭಯ ಶುರುವಾಯಿತು. 2024ರ ಜೂನ್ 28ರ ನಸುಕು. ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಟೆಂಪೋ ಟ್ರಾವೆಲರ್ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. 13 ಜನ ಹೋದರು, ಅದರಲ್ಲಿ ಎಳೆ ಮಕ್ಕಳು. ಹೆಚ್ಚಿನವರು ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು. ಒಂದೇ ಊರಿನಲ್ಲಿ ಅಷ್ಟು ಹೆಣ ಇಳಿಸಿದ ದಿನ ಹೇಗಿದ್ದಿರಬೇಕು, ನೀವೇ ಯೋಚನೆ ಮಾಡಿ.

ನಿಂತ ಲಾರಿ ಯಾಕೆ ಇಷ್ಟು ಕೆಟ್ಟದ್ದು? ಲಾರಿಯ ಹಿಂಬದಿ ಎತ್ತರ. ಗಾಡಿಯ ಮೂತಿ ಅದರ ಅಡಿಗೆ ನುಸುಳಿಬಿಡುತ್ತದೆ. ಮಡಚಬೇಕಾದ ಮೂತಿಗೆ ಏನೂ ತಾಗುವುದೇ ಇಲ್ಲ, ಸೀದಾ ಗಾಜು, ತಲೆ. ಐದು ಸ್ಟಾರಿರಲಿ, ಏರ್‌ಬ್ಯಾಗಿರಲಿ, ಆ ಪೆಟ್ಟಿನ ಮುಂದೆ ಅವುಗಳ ಆಟ ಬಹಳ ನಡೆಯುವುದಿಲ್ಲ. ಅದಕ್ಕೇ ಲಾರಿಯ ಹಿಂದೆ ಕೆಳಗೆ ಅಡ್ಡಪಟ್ಟಿ ಇರಬೇಕು, ಕೆಂಪು ಹೊಳೆಯುವ ಟೇಪ್ ಇರಬೇಕು, ಕೆಟ್ಟು ನಿಂತರೆ ನಾಲ್ಕೂ ಇಂಡಿಕೇಟರ್ ಹಾಕಿ ಹಿಂದೆ ತ್ರಿಕೋನ ಇಡಬೇಕು. ನಮ್ಮವರು ಇಡುವುದು ಏನು? ನಾಲ್ಕು ಕಲ್ಲು, ಒಂದು ಗಿಡದ ಟೊಂಗೆ. ಗಾಡಿ ಸರಿಯಾದ ಮೇಲೆ ಆ ಕಲ್ಲನ್ನೂ ತೆಗೆಯದೆ ಹೋಗುತ್ತಾರೆ!

ಇನ್ನೊಂದು ಲೆಕ್ಕ ಕೇಳಿ, ಆಮೇಲೆ ಗಾಡಿ ಆರಿಸುವ ಮಾತಿಗೆ ಬರುತ್ತೇನೆ. ಗಂಟೆಗೆ 80 ಕಿ.ಮೀ. ಅಂದರೆ ಒಂದು ಸೆಕೆಂಡಿಗೆ 22 ಮೀಟರ್. ಅಡ್ಡ ಏನೋ ಕಂಡಿತು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್. ಆಗಲೇ 33 ಮೀಟರ್ ಹೋಯಿತು. ಟೈರು, ಬ್ರೇಕು ಎರಡೂ ಚೆನ್ನಾಗಿದ್ದು ರಸ್ತೆ ಒಣಗಿದ್ದರೆ ನಿಲ್ಲಲು ಇನ್ನೊಂದು 35. ಒಟ್ಟು 70 ಮೀಟರಿನ ಹತ್ತಿರ. ನೂರರ ಸ್ಪೀಡಿನಲ್ಲಿ ಇದೇ ಲೆಕ್ಕ ನೂರು ಮೀಟರಿಗೆ ಹೋಗುತ್ತದೆ. ಲೈಟು ಡಿಮ್ ಮಾಡಿದಾಗ, ಟೇಪ್ ಇಲ್ಲದ, ಧೂಳು ಮೆತ್ತಿದ ಲಾರಿಯ ಬೆನ್ನು ನಿಮ್ಮ ಕಣ್ಣಿಗೆ ಬೀಳುವುದು 50, ಹೆಚ್ಚೆಂದರೆ 60 ಮೀಟರಿನಲ್ಲಿ. ಉಳಿದದ್ದನ್ನು ಯಾವ ಕಂಪನಿಯ ಗಾಡಿ ತುಂಬಿಕೊಡುತ್ತದೆ? ಇದು ಕಣ್ಣು ತೆರೆದಿದ್ದವನ ಲೆಕ್ಕ. ನಸುಕಿನ ಮೂರರಿಂದ ಐದರೊಳಗೆ ಎರಡು ಸೆಕೆಂಡ್ ರೆಪ್ಪೆ ಕೂಡಿತು ಅನ್ನಿ, ಬ್ರೇಕ್ ಒತ್ತುವ ಮೊದಲೇ 44 ಮೀಟರ್ ಕೈಬಿಟ್ಟಿತು. ಚಹಾ ಕುಡಿದರೆ ನಿದ್ದೆ ಹೋಗುತ್ತದೆ ಅನ್ನುವುದು ಚಹಾ ಅಂಗಡಿಯವರ ಮಾತು. ನಿದ್ದೆಗೆ ಔಷಧಿ ನಿದ್ದೆ. ಹೊಸ ಚಿತ್ರ ಬಿಡುಗಡೆಯ ದಿನ ಬೆಳಿಗ್ಗೆ ಆರರ ಶೋಗೆಂದು ಹಾವೇರಿಯಿಂದ ಹುಬ್ಬಳ್ಳಿಗೆ ರಾತ್ರಿಯೆಲ್ಲ ಕುಣಿದು ಹೊರಡುವ ತಂಡಗಳನ್ನು ಕಂಡಿದ್ದೇನೆ. ಕಟೌಟಿಗೆ ಹಾಲು ಹಾಕಿ ಬನ್ನಿ, ಯಾರು ಬೇಡವೆಂದರು? ಓಡಿಸುವವನು ಒಬ್ಬ ಮಾತ್ರ ಹಿಂದಿನ ರಾತ್ರಿ ಹತ್ತಕ್ಕೆ ಮಲಗಲಿ.

ಈಗ ನಮ್ಮ ರಾಣೇಬೆನ್ನೂರಿನ ತಮ್ಮನ ಎರಡೂವರೆ ಲಕ್ಷ. ಮಾರುತಿಯೋ, ಹ್ಯುಂಡೈಯೋ, ಟಾಟಾವೋ, ಹೆಸರಿಗೆ ನಾನು ಜಗಳಾಡುವುದಿಲ್ಲ. ನಿಮ್ಮೂರಲ್ಲಿ ಯಾವುದರ ಸಾಮಾನು ಮಧ್ಯಾಹ್ನ ಕೇಳಿದರೆ ಸಾಯಂಕಾಲ ಸಿಗುತ್ತದೋ ಅದು ಒಳ್ಳೆಯ ಕಂಪನಿ. ಎರಡು ಏರ್‌ಬ್ಯಾಗ್, ಎಬಿಎಸ್ ಇರುವ ಸ್ವಲ್ಪ ಹಳೇ ಗಾಡಿ ಸಿಕ್ಕರೆ, ಅವೆರಡೂ ಇಲ್ಲದ ಹೊಸ ವರ್ಷದ ಗಾಡಿಗಿಂತ ಅದನ್ನೇ ಹಿಡಿ. ಸನ್‌ರೂಫು, ದೊಡ್ಡ ಟಿವಿ ಪರದೆ ಆಮೇಲೆ. ಎರಡೂವರೆಯನ್ನೂ ಗಾಡಿಗೇ ಸುರಿಯಬೇಡ. ಎರಡು ಲಕ್ಷದ ಗಾಡಿ ನೋಡು, ಐವತ್ತು ಸಾವಿರ ಕೈಯಲ್ಲಿಟ್ಟುಕೊ. ಮೊದಲ ತಿಂಗಳೇ ಬೇಕಾಗುತ್ತದೆ.

ನೋಡುವಾಗ ಬಣ್ಣಕ್ಕೆ ಮರುಳಾಗಬೇಡ. ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ಬ್ಯಾಡಗಿ ಮೆಣಸಿನಕಾಯಿಗೆ ಹಿರಿಮೆ, ಕಾರಿಗಲ್ಲ. ಬಾನೆಟ್ ಎತ್ತಿ ಮಡ್‌ಗಾರ್ಡಿನ ಬೋಲ್ಟುಗಳನ್ನು ನೋಡು. ಪಾನಾ ಹಾಕಿ ತಿರುವಿದ ಗುರುತಿದ್ದರೆ ಮೂತಿ ಒಮ್ಮೆ ಮಾತಾಡಿದೆ ಅಂತ ಅರ್ಥ. ಮೀಟರ್ ನಲವತ್ತು ಸಾವಿರ ತೋರಿಸುತ್ತದೆ, ಆದರೆ ಕ್ಲಚ್ ಪೆಡಲ್ಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತದೆ, ಸ್ಟೇರಿಂಗ್ ನುಣ್ಣಗೆ ಹೊಳೆಯುತ್ತದೆ ಅಂದರೆ ಮೀಟರ್ ಸುಳ್ಳು, ಪೆಡಲ್ ನಿಜ. ಬೆಲ್ಟನ್ನು ಪೂರ್ತಿ ಹೊರಗೆಳೆದು ಬುಡದವರೆಗೂ ನೋಡು. ಬುಡದಲ್ಲಿ ಕೆಸರಿನ ಗೆರೆ ಇದ್ದರೆ ಆ ಗಾಡಿ ನೀರಲ್ಲಿ ಮುಳುಗಿ ಎದ್ದದ್ದು. ಕೀಲಿ ತಿರುವಿದಾಗ ಏರ್‌ಬ್ಯಾಗಿನ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಬಲ್ಬ್ ಕಿತ್ತಿದ್ದಾರೆ, ಚೀಲವೂ ಇರಲಿಕ್ಕಿಲ್ಲ. ಇಂಜಿನ್ ತಣ್ಣಗಿರುವಾಗ, ಬೆಳಿಗ್ಗೆ ಮೊದಲ ಸಲ ಚಾಲೂ ಮಾಡುವುದನ್ನು ನೀನೇ ನಿಂತು ನೋಡು. ಮಾರುವವನು ನೀನು ಬರುವುದರೊಳಗೆ ಬಿಸಿ ಮಾಡಿಟ್ಟಿದ್ದರೆ ಬಾನೆಟ್ ಮುಟ್ಟಿದ ಕೈಯೇ ಹೇಳುತ್ತದೆ.

ಟೈರಿನ ಪಕ್ಕದಲ್ಲಿ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ಹುಟ್ಟಿದ ಟೈರು. ಗಟಾರು ಇನ್ನೂ ಆಳವಾಗಿದೆ ಅಂತ ಬೀಗಬೇಡ, ರಬ್ಬರಿಗೂ ವಯಸ್ಸಾಗುತ್ತದೆ. ಐದಾರು ವರ್ಷವಾಗಿ ಸಣ್ಣ ಸಣ್ಣ ಬಿರುಕು ಕಂಡರೆ ಬದಲಿಸು. ಗಟಾರಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನೂ ಬೇಡ ಅನ್ನುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಕಡಿಮೆಯಿದ್ದ ಟೈರು ಒಳಗೊಳಗೇ ಕಾದು ಹೆದ್ದಾರಿಯಲ್ಲಿ ಸಿಡಿಯುತ್ತದೆ. ಗಾಳಿ ಜಾಸ್ತಿಯಾಗಿ ಸಿಡಿಯಿತು ಅಂತ ಜನ ಹೇಳುತ್ತಾರೆ. ನಾನು ಬಿಚ್ಚಿ ನೋಡಿದ್ದರಲ್ಲಿ ಹೆಚ್ಚಿನವು ಗಾಳಿ ಕಡಿಮೆಯಿದ್ದವೇ. ತಿಂಗಳಿಗೆರಡು ಸಲ, ಟೈರು ತಣ್ಣಗಿದ್ದಾಗ ಹಿಡಿಸಬೇಕು, ಸ್ಟೆಪ್ನಿಗೂ ಕೂಡ. ಸಣ್ಣ ಕಾರಿಗೆ ನಾಲ್ಕು ಟೈರಿಗೆ 15 ಸಾವಿರದ ಆಸುಪಾಸು ಆದೀತು. "ದುಬಾರಿ ಕಾಕಾ" ಅನ್ನುವವನೇ ಮರುದಿನ ಸೈಲೆನ್ಸರ್‌ಗೆ ಹತ್ತು ಸಾವಿರ ಕೊಟ್ಟು ಗುಡುಗು ಮಾಡಿಸಿಕೊಂಡು ಬರುತ್ತಾನೆ!

ಬ್ರೇಕ್ ಆಯಿಲ್ ಬಗ್ಗೆ ಸಿನಿಮಾ ಪತ್ರಿಕೆಯಲ್ಲಿ ಬರೆಯುವ ಮೊದಲ ಮನುಷ್ಯ ನಾನೇ ಇರಬೇಕು. ಇರಲಿ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ಆ ನೀರು ಆವಿಯಾಗುತ್ತದೆ, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಶಿರಸಿ ಕಡೆ ದೇವಿಮನೆ ಘಟ್ಟ ಇಳಿಯುವವರು ನೆನಪಿಡಿ. ಕೆಲವು ನೂರು ರೂಪಾಯಿ ಖರ್ಚು, ಅಷ್ಟೇ. ಬ್ಯಾಡಗಿಯವರಿಗೆ ಇನ್ನೊಂದು ಮಾತು. ಸುಗ್ಗಿಯಲ್ಲಿ ಎ.ಸಿ.ಯ ಫಿಲ್ಟರ್ ಬದಲಿಸಿಕೊಳ್ಳಿ. ನಿಮ್ಮ ಗಾಡಿಯ ಫಿಲ್ಟರ್ ಬಿಚ್ಚಿದ ದಿನ ನಮ್ಮ ಗ್ಯಾರೇಜಿನಲ್ಲಿ ಹುಡುಗರು, ಗಿರಾಕಿಗಳು ಎಲ್ಲ ಕೂಡಿ ಕೋರಸ್ಸಿನಲ್ಲಿ ಸೀನುತ್ತೇವೆ.

ಕಾಗದದ ಕೆಲಸ ಸಿನಿಮಾ ಪ್ರೇಮಿಗಳಿಗೆ ಬೇಸರ, ಬೇಗ ಮುಗಿಸುತ್ತೇನೆ. ನಂಬರ್ ಕೆಎ 27 ಇದ್ದರೆ ಹಾವೇರಿ, 68 ಇದ್ದರೆ ರಾಣೇಬೆನ್ನೂರು. ಯಾವುದೇ ಇರಲಿ, ಆರ್‌ಸಿ ನಿನ್ನ ಹೆಸರಿಗೆ ಆಗಬೇಕು. 29 ಮತ್ತು 30ನೇ ನಂಬರಿನ ಫಾರಂ, ಸಾಲವಿದ್ದರೆ ತೀರಿದ ಬಗ್ಗೆ 35. ಕೊಂಡವನು 30 ದಿನದೊಳಗೆ ತಿಳಿಸಬೇಕು. "ನಮ್ಮ ದೋಸ್ತನ ಗಾಡಿ, ಹೆಸರು ಆಮ್ಯಾಲ ಮಾಡಿಸಿದರಾತು" ಅನ್ನುವವರಿಗಾಗಿ ಹೇಳುತ್ತೇನೆ. ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆ ಅವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಗಾಡಿ ಮಾರಿದ ದೋಸ್ತ ಕೋರ್ಟಿಗೆ ಅಲೆಯಬೇಕು. ಹೊಸ ಮಾಲೀಕ ಇನ್ಶೂರೆನ್ಸನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಸ್ವಂತ ಗಾಡಿಯ ನಷ್ಟಕ್ಕೆ ಕಂಪನಿ ಕೈ ಕೊಡವಿಕೊಳ್ಳಬಹುದು. 15 ವರ್ಷದ ಹತ್ತಿರ ಬಂದ ಗಾಡಿ ಅಗ್ಗಕ್ಕೆ ಸಿಗುತ್ತದೆ. ಆದರೆ ಆರ್‌ಸಿ ನವೀಕರಣ, ಫಿಟ್‌ನೆಸ್ ಖರ್ಚು ಸೇರಿಸಿ ಲೆಕ್ಕ ಹಾಕು.

ಉಳಿದ ಪತ್ರಗಳಿಗೆ ಚುಟುಕು ಉತ್ತರ. ಮೋಟೆಬೆನ್ನೂರಿನ ಟ್ರ್ಯಾಕ್ಟರ್ ಮಾಲೀಕರೇ, ಟ್ರೈಲರಿನ ಹಿಂದೆ ಗೋಣಿಚೀಲ ಇಳಿಬಿಟ್ಟು ಕೆಂಪು ಟೇಪ್ ಮುಚ್ಚಿದ್ದೀರಿ, ಫೋಟೋದಲ್ಲೇ ಕಾಣುತ್ತದೆ. ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟಿಗೆ ನಸುಕಿನಲ್ಲಿ ಹೊರಡುವವರು ನೀವು. ಚೀಲ ಎತ್ತಿ ಕಟ್ಟಿ. ಹಿರೇಕೆರೂರಿನ ಮಿತ್ರರೇ, ಹೆಡ್‌ಲೈಟಿಗೆ ಕಣ್ಣು ಕುಕ್ಕುವ ಬಿಳಿ ಬಲ್ಬ್ ಹಾಕಿಸಿದ ಮೇಲೆ ಎದುರಿನವರು ಬೈಯುತ್ತಾರೆ ಎಂದು ಬರೆದಿದ್ದೀರಿ. ಅವರ ತಪ್ಪಿಲ್ಲ.

ಕೊನೆಗೆ ಹಾವೇರಿಯ ಆಟೋ ಅಣ್ಣನ ಪ್ರಶ್ನೆ: "ಹಿಂದಿನ ಗಾಜಿನ ತುಂಬ ಶಂಕರಣ್ಣನ ಫೋಟೋ ಅಂಟಿಸೇನಿ, ಪೊಲೀಸರು ತಗಿ ಅಂತಾರ. ಅಭಿಮಾನ ತಪ್ಪೇನ್ರಿ?" ಅಭಿಮಾನ ತಪ್ಪಲ್ಲ ಅಣ್ಣಾ. ಗಾಜು ಬಿಟ್ಟು ಪಕ್ಕದ ತಗಡಿಗೆ ಅಂಟಿಸು, ಹಿಂದೆ ಬರುವ ಲಾರಿ ನಿನಗೆ ಕಾಣಲಿ. ಹಾಂ, ನಿನ್ನ ಎಡಗಡೆಯ ಬ್ರೇಕ್ ಲೈಟ್ ಉರಿಯುತ್ತಿಲ್ಲ, ಮೊನ್ನೆ ಬಸ್ ಸ್ಟ್ಯಾಂಡ್ ಹತ್ತಿರ ನೋಡಿದೆ. ಬಲ್ಬಿಗೆ ಇಪ್ಪತ್ತು ರೂಪಾಯಿ. ಬಾ, ಹಾಕಿಕೊಡುತ್ತೇನೆ, ಕೂಲಿ ಬೇಡ.